ಶೇವಂತಿಯ ಟ್ರ್ಯಾಕ್ಟರ್, ಈಶ್ವರನ ಮಾತು

ಕಲಿಸುವವರು ಸಿಟ್ಟಿಗೆದ್ದರೆ ಕಲಿಯುವವರಿಗೆ ಕೈಕಾಲೇ ಆಡುವುದಿಲ್ಲ. ಸಾವಳಗಿಯ ಈಶ್ವರನ ಮನೆಯಲ್ಲೂ ಹಾಗೇ ಆಯಿತು.

ಬಿದ್ದು ಎಡಗಾಲು ಮುರಿದುಕೊಂಡ ಈಶ್ವರನಿಗೆ, ಇನ್ನು ಟ್ರ್ಯಾಕ್ಟರಿನ ಕ್ಲಚ್ ಒತ್ತುವುದು ಆಗದು ಎಂದರು ಡಾಕ್ಟರು. ಗಾಡಿ ಮಾರುವುದೇ ಸೈ ಎಂದು ಅವನು ಸೋತು ಕುಳಿತ.

"ಯಾಕ ಮಾರಬೇಕ್ರಿ? ನಾ ಹೊಡೀತೇನಿ. ನೀವು ಕಲಿಸ್ರಿ," ಎಂದಳು ಹೆಂಡತಿ ಶೇವಂತಿ.

ಹೊಲದಲ್ಲಿ ಗಾಡಿ ಮುಂದಕ್ಕೆ ಓಡಿಸುವುದು ಬೇಗ ಬಂತು. ತೊಡಕಾದದ್ದು ಟ್ರೇಲರ್ ಹಚ್ಚಿ ಹಿಂದಕ್ಕೆ ತರುವುದು. ಟ್ರೇಲರ್ ಎಡಕ್ಕೆ ಸರಿಯಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತ ಈಶ್ವರ, "ಆ ಕಡೆ ಅಲ್ಲಲೇ, ಎಷ್ಟ ಸಲ ಹೇಳಬೇಕು ನಿನಗ?" ಎಂದು ಒದರುತ್ತಿದ್ದ. ಅವನು ಒದರಿದಷ್ಟೂ ಅವಳು ಅದೇ ತಪ್ಪು ಮಾಡುತ್ತಿದ್ದಳು. ಒಂದು ದಿನ ಟ್ರೇಲರ್ ಹೋಗಿ ದನದ ಕೊಟ್ಟಿಗೆಗೆ ಬಡಿಯಿತು. ಶೇವಂತಿ ಇಳಿದು ಬಂದು ಕೀಲಿಯನ್ನು ಅವನ ಕೈಗಿಟ್ಟಳು.

"ನನ್ನ ಕಡೆಯಿಂದ ಆಗೂದಿಲ್ರಿ. ಮಾರಿಬಿಡ್ರಿ."

ಈಶ್ವರನ ತಂಗಿ ಪ್ರೀತಿ ಅವತ್ತು ಮನೆಗೆ ಬಂದಿದ್ದಳು. ಜಮಖಂಡಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ನಡೆದದ್ದನ್ನು ಕೇಳಿ ಅಣ್ಣನ ಪಕ್ಕ ಕುಳಿತಳು.

"ಅಣ್ಣಾ, ನಾವು ಏನರೆ ಮಾಡಿದ ಕೂಡಲೇ, ಅದು ಸರಿ ಆತೋ ತಪ್ಪಾತೋ ಅಂತ ಮೆದುಳು ನೋಡಕೋತೈತಿ. ಅದರಿಂದನ ಮುಂದಿನ ಸಲ ತಿದ್ದಿಕೊಳ್ಳೂದು. ಮನಸ್ಸು ಖುಷಿಯಿಂದ ಇದ್ದಾಗ ಈ ಕೆಲಸ ಛಲೋ ನಡೀಬಹುದು ಅಂತ ಸಂಶೋಧನಾ ಮಾಡಿದವರು ಹೇಳ್ತಾರ. ಶೇವಂತಿ ವೈನಿ ಅಂಜಿಕೊಂಡು ಕುಂತ್ರ, ನಿನ್ನ ಸಿಟ್ಟಷ್ಟ ಕೇಳಸ್ತೈತಿ. ಪಾಠ ಕೇಳಸೂದಿಲ್ಲ."

"ಹಂಗಾದ್ರ ತಪ್ಪಿಗೂ ಭೇಷ್ ಅನ್ನಲೇನು?"

"ಅದು ಬ್ಯಾಡ. ತಪ್ಪು ಹೇಳಾಕ ಬೇಕು. ಮೊದಲ ಅಕಿ ಮನಸ್ಸು ಹಗುರ ಆಗಲಿ. ಸರಿ ಮಾಡಿದ್ದನ್ನ ಆವಾಗಿಂದಾವಾಗ ಹೇಳು. ತಪ್ಪನ್ನ ಒಂದೊಂದ ಹೇಳು, ಮೆಲ್ಲಕ ಹೇಳು."

ಈಶ್ವರನಿಗೆ ನಂಬಿಕೆ ಬರಲಿಲ್ಲ. ಆದರೂ ಮರುದಿನ ಮುಂಜಾನೆ, "ಇನ್ನೊಂದ ಸಲ ನೋಡೂಣು," ಎಂದು ಶೇವಂತಿಗೆ ಕೀಲಿ ತಿರುಗಿ ಕೊಟ್ಟ. ಹೊಲದಲ್ಲಿ ಅವಳಿಗೆ ಚಹಾ ಕೊಟ್ಟು, ಮೊಬೈಲಿನಲ್ಲಿ ಅವಳಿಗೆ ಸೇರುವ ಹಾಡು ಹಚ್ಚಿದ.

"ಕುರ್ಚಿ ಮ್ಯಾಲ ಮುಧೋಳದ ರಾಜಾ ಕುಂತಂಗ ಕುಂತೀರಲ್ಲ," ಎಂದು ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಅವಳು ಗಾಡಿ ಹತ್ತಿದಳು.

ಟ್ರೇಲರ್ ನೆಟ್ಟಗೆ ಬಂದಾಗ, "ಹಾಂ, ಹಂಗ," ಎಂದ. ಡೊಂಕಾದಾಗ, "ನಿಲ್ಲಸು. ಸ್ಟೇರಿಂಗ್ ಇನ್ನಷ್ಟ ನಿಧಾನ," ಎಂದ. ಒಂದೇ ದಿನಕ್ಕೆ ಎಲ್ಲವೂ ಬರಲಿಲ್ಲ. ಆದರೆ ಅವಳೀಗ ತಪ್ಪಾದ ಕೂಡಲೇ ತಾನೇ ನಿಲ್ಲಿಸಿ, ಯಾಕೆ ತಪ್ಪಿತೆಂದು ಹಿಂದೆ ತಿರುಗಿ ನೋಡುತ್ತಿದ್ದಳು. ಆ ಏಕಾಗ್ರತೆಯನ್ನು ಈಶ್ವರ ಬೆರಗಾಗಿ ನೋಡಿದ. ಇಷ್ಟು ಜಾಣತನ ಇವಳಲ್ಲಿ ಎಲ್ಲಿತ್ತು ಎಂದುಕೊಂಡ.

ಲೈಸೆನ್ಸ್ ಬಂದ ಮೇಲೆ, ಕಬ್ಬಿನ ಹಂಗಾಮಿನಲ್ಲಿ ಶೇವಂತಿ ಲೋಡು ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟಳು. ನೆರೆಮನೆಯ ಸಂಜಯನ ಬೈಕಿನಲ್ಲಿ ಈಶ್ವರ ಹಿಂದೆಯೇ ಹೋದ. ಗೇಟಿನಲ್ಲಿ ಅವಳು ತಪ್ಪು ಸಾಲಿಗೆ ನುಗ್ಗಿಬಿಟ್ಟಿದ್ದಳು. ಹಿಂದಕ್ಕೆ ಬರಲೇಬೇಕು. ಡ್ರೈವರುಗಳೆಲ್ಲ ಇಳಿದು ನೋಡತೊಡಗಿದರು. ಟ್ರೇಲರ್ ಡೊಂಕಾಯಿತು. ಈಶ್ವರನ ಬಾಯಿಗೆ ಹಳೆಯ ಮಾತೇ ಬಂತು. ಅದನ್ನು ನುಂಗಿದ.

"ಅರ್ಧ ಛಲೋ ಬಂತು, ಶೇವಂತಿ. ಈ ಸಲ ಸ್ಟೇರಿಂಗ್ ಒಂಚೂರು ಮೊದಲ ತಿರುಗಸು."

ಅವಳು ತಲೆಯಾಡಿಸಿ ಗಾಡಿ ಮುಂದೆ ತಂದಳು, ಮತ್ತೆ ಹಿಂದಕ್ಕೆ ಬಿಟ್ಟಳು. ಕಬ್ಬು ತುಂಬಿದ ಟ್ರೇಲರ್ ಎಲ್ಲಿಯೂ ತಾಗದೆ ಸರಿಯಾದ ಸಾಲಿನಲ್ಲಿ ಬಂದು ನಿಂತಿತು.

"ಯಾರ ಕಲಿಸಿದ್ರವ್ವಾ ನಿನಗ?" ಎಂದು ಮುದಿ ಡ್ರೈವರೊಬ್ಬ ಕೇಳಿದ.

"ನಮ್ಮ ಮನಿಯವರು," ಎಂದಳು ಶೇವಂತಿ. "ಮೊದಲ ಅವರು ಕಲಿಸೂದು ಕಲತರು, ಆಮ್ಯಾಲ ನಾ ಕಲತೆ."

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಏನಾದರೂ ಕಲಿಯುತ್ತಿರಬಹುದು. ಮಗಳು ಲೆಕ್ಕ, ಸೊಸೆ ಹೊಲಿಗೆ, ಅಜ್ಜ ಮೊಬೈಲು. ತಪ್ಪು ಹೇಳುವ ಮುಂಚೆ ಅವರ ಮುಖ ನೋಡಿ. ಅಲ್ಲಿ ಅಂಜಿಕೆ ಇದ್ದರೆ ಒಂದು ನಗೆ ತರಿಸಿ, ಆಮೇಲೆ ತಿದ್ದಿ. ಇವತ್ತೇ ಮಾಡಿ ನೋಡಿ.