ಅವಳ ಪೂಜೆಗೆ ಓಸ್ತಿ

ಅಚ್ಚು ತೆರೆದಾಗ ಮೂರನೆಯ ಹಾಳೆಯೂ ಕರಕಾಗಿತ್ತು. ಪ್ಲಂಬರ್ ಅದನ್ನು ಬೆರಳಲ್ಲೇ ಕಿತ್ತು ಬದಿಗೆಸೆದು, ಮತ್ತೊಂದು ಸೌಟು ಹಿಟ್ಟು ಹುಯ್ದ. ಚರ್ಚಿನ ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ಓಸ್ತಿಗೆ ಬೇಕಾದ್ದು ಗೋಧಿ ಹಿಟ್ಟು, ನೀರು, ಅಷ್ಟೇ. ಆದರೂ ಕೈಗೆ ಬರುತ್ತಿಲ್ಲ.

"ಬಿಡಿ ಭಾವ. ಗುರುಗಳು ಬೇರೆ ಚರ್ಚಿಂದ ಓಸ್ತಿ ತರಿಸ್ತಾರಂತೆ," ಎಂದಳು ಬಾಗಿಲಲ್ಲಿ ನಿಂತಿದ್ದ ನಾದಿನಿ. ಪಕ್ಕದ ಕೋಣೆಯಲ್ಲಿ ಅವಳ ಅಕ್ಕ, ಅವನ ಹೆಂಡತಿ, ಶವಪೆಟ್ಟಿಗೆಯೊಳಗೆ ಮಲಗಿದ್ದಳು.

"ಇಪ್ಪತ್ತಾರು ವರ್ಷ ಊರಿಗೆಲ್ಲ ಮಾಡಿಕೊಟ್ಟೋಳು. ಅವಳ ಪೂಜೆಗೇ ಕಂಡೋರ ಓಸ್ತಿಯಾ?"

"ಇದನ್ನ ನೋಡಿದ್ರೆ ಅಕ್ಕ, ಚಪ್ಪಲಿಗೆ ಅಟ್ಟೆ ಹಾಕ್ಕೊಳ್ಳಿ ಅಂತಿದ್ಲು. ಸರೀರಿ ಅತ್ಲಾಗೆ. ಉರಿ ಇಳಿಸಿ, ಹಿಟ್ಟು ತೆಳು ಮಾಡಿ."

ಇಬ್ಬರೂ ನಕ್ಕರು. ನಕ್ಕಿದ್ದಕ್ಕೆ ನಾಚಿ ಪಕ್ಕದ ಕೋಣೆಯತ್ತ ನೋಡಿದರು. ಒಂಬತ್ತರ ಹೊತ್ತಿಗೆ ಹಾಳೆಗಳಿಂದ ಕತ್ತರಿಸಿದ ಅರವತ್ತು ಬಿಳಿ ಬಿಲ್ಲೆಗಳು ಡಬ್ಬಿ ಸೇರಿದ್ದವು.

*

ಅವನ ಮೊದಲ ಹೆಂಡತಿ ಅವನನ್ನು ಬಿಟ್ಟುಹೋಗಿ ಬೇರೆ ಊರಲ್ಲಿದ್ದಳು. ಆಕೆ ಬದುಕಿರುವ ತನಕ ಈ ಎರಡನೆಯ ಮದುವೆಯನ್ನು ಚರ್ಚು ಒಪ್ಪುವಂತಿರಲಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದರು. ಅಂದಿನಿಂದ ಇಬ್ಬರಿಗೂ ಪರಮಪ್ರಸಾದವಿಲ್ಲ. ಭಾನುವಾರ ಜನ ಸಾಲಾಗಿ ಎದ್ದಾಗ ಅವಳು ಮೊಣಕಾಲು ಓರೆ ಮಾಡಿ, ತಾನು ಮಾಡಿದ ಓಸ್ತಿ ತೆಗೆದುಕೊಳ್ಳಲು ಹೊರಟವರಿಗೆ ದಾರಿ ಬಿಡುತ್ತಿದ್ದಳು.

"ಊರಿಗೆಲ್ಲ ಬಡಿಸಿ ನೀನು ಉಪವಾಸ. ಎಲ್ಲಾ ನನ್ನಿಂದ," ಎಂದಿದ್ದ ಒಮ್ಮೆ.

"ನೀವು ಪೈಪು ಹಾಕೋರು. ಮನೆಗೆ ನೀರು ಪೈಪಲ್ಲೇ ಬರ್ಬೇಕು, ಸರಿ. ಮಳೆಗೆ ಯಾರು ಪೈಪು ಹಾಕಿದ್ರು? ದೇವರ ಕೃಪೆಗೆ ನಮ್ಮನೆ ದಾರಿ ಗೊತ್ತಿಲ್ವಾ?"

ಅಚ್ಚು ಒರೆಸಿಟ್ಟು, ಆಮೇಲೆ ಮೆಲ್ಲಗೆ ಅಂದಿದ್ದಳು:

"ಆದ್ರೂ ಮನೇಲೊಂದು ನಲ್ಲಿ ಇದ್ದಿದ್ರೆ ಚೆನ್ನಾಗಿರ್ತಿತ್ತು."

*

ಪೀಠದ ಹಿಂದಿನ ಕೋಣೆಯಲ್ಲಿ ಗುರುಗಳು ಪೂಜೆಯ ಉಡುಪು ತೊಡುತ್ತಿದ್ದರು. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಲ್ಲೇ ಮಂಡಿಯೂರಿದ.

"ನನ್ನ ಪಾಪನಿವೇದನೆ ಕೇಳಿ ಸ್ವಾಮಿ. ಮೊದಲ್ನೋಳು ತೀರ್ಕೊಂಡು ಎಂಟು ತಿಂಗಳಾಯ್ತು. ಅವಳಣ್ಣ ಫೋನ್ ಮಾಡಿದ್ದ. ನಾನು ಇವಳಿಗೆ ಹೇಳ್ಲೇ ಇಲ್ಲ."

ಗುರುಗಳ ಕೈ ಗುಂಡಿಯ ಮೇಲೇ ನಿಂತಿತು. "ಯಾಕೆ?"

"ಅವಳ ಗೋರಿ ಮಣ್ಣು ಆರ್ಲಿ ಅಂದ್ಕೊಂಡೆ. ಒಬ್ಳು ಸತ್ಲು ಅಂತ ಇನ್ನೊಬ್ಳಿಗೆ ಉಂಗುರ ಹಾಕೋದು ಹೇಗೆ? ಅಷ್ಟರಲ್ಲಿ ಇವಳು ಹಾಸಿಗೆ ಹಿಡಿದ್ಲು. ಆಸ್ಪತ್ರೇಲಿ ಮದುವೆ ಅಂದ್ರೆ, ಉಳಿಯಲ್ಲ ಅಂತ ಹೆದರ್ತಾಳೆ ಅನ್ನಿಸ್ತು."

"ಅಯ್ಯೋ. ಹತ್ತು ನಿಮಿಷದ ಕೆಲಸ. ಮದುವೆ ಮಾಡ್ಸಿ ಅಲ್ಲೇ ಪ್ರಸಾದ ಕೊಡ್ತಿದ್ನಲ್ಲ!"

"ಗೊತ್ತು. ಅದಕ್ಕೇ ಕೇಳ್ತಿದೀನಿ. ಇವಳನ್ನ ದೇವರ ಬಾಗಿಲ ಹೊರಗೇ ನಿಲ್ಲಿಸಿಬಿಟ್ನಾ?"

ಗುರುಗಳು ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ಕುರ್ಚಿ ಎಳೆದು ಎದುರಿಗೆ ಕೂತರು.

"ತಪ್ಪು ಮಾಡಿದೀರಿ. ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಅವರನ್ನ ಹೊರಗೆ ನಿಲ್ಲಿಸೋ ಶಕ್ತಿ ನಿಮಗಿಲ್ಲ, ನನಗೂ ಇಲ್ಲ. ದೇವರು ಮದುವೆ, ಪ್ರಸಾದದಂಥ ಸಂಸ್ಕಾರಗಳನ್ನ ನಮ್ಮ ಕೈಗೆ ಕೊಟ್ಟಿದಾನೆ, ನಿಜ. ಹಾಗಂತ ತನ್ನ ಕೈ ಕಟ್ಟಿಕೊಂಡಿಲ್ಲ."

ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತುಗಳನ್ನು ಹೇಳಿದರು. "ಇವತ್ತು ನೀವೂ ಪ್ರಸಾದ ತಗೋಬಹುದು. ಚರ್ಚು ಒಪ್ಪದ ಮದುವೆ ಅವರ ಜೊತೆಗೇ ಮುಗೀತು, ಈಗ ಯಾವ ಅಡ್ಡಿಯೂ ಇಲ್ಲ."

"ಇವಳು ಸತ್ತಿದ್ದಕ್ಕೆ ನಂಗೆ ಸಿಗೋದಾ ಸ್ವಾಮಿ?"

ಗುರುಗಳು ಅವನ ತೋಳು ಹಿಡಿದು ಎಬ್ಬಿಸಿದರು. ಪೂಜೆಯ ಗಂಟೆ ಹೊಡೆಯಿತು.

*

ಜನ ಸಾಲಾಗಿ ಎದ್ದರು. ಪೀಠದ ಮುಂದೆ ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದೇ ಇತ್ತು. ಅವನು ಬೆಂಚಿಗೆ ಅಂಟಿಕೊಂಡು ಕೂತಿದ್ದ.

"ಭಾವ, ಗುರುಗಳು ನಿಮ್ಮನ್ನೇ ನೋಡ್ತಿದಾರೆ," ನಾದಿನಿ ಮೊಣಕೈಯಿಂದ ತಿವಿದಳು. "ಏಳಿ. ಅಕ್ಕ ಆಗಿದ್ರೆ ಓಡ್ತಿದ್ಲು."

ಅವನು ಎದ್ದ. ಎಲ್ಲರಿಗಿಂತ ಹಿಂದೆ ನಿಂತು, ನಿಧಾನವಾಗಿ ಮುಂದೆ ಸರಿದು, ಬಾಯಿ ತೆರೆದ. ಇಪ್ಪತ್ತಾರು ವರ್ಷಗಳ ಮೇಲೆ ನಾಲಿಗೆಗೆ ಆ ತೆಳುವಾದ, ರುಚಿಯೇ ಇಲ್ಲದ ರುಚಿ ತಾಗಿತು. ಬೆಂಚಿಗೆ ಮರಳಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ, ಬಾಯಿ ಮುಚ್ಚಿಕೊಂಡೇ ಅವಳ ಹಣೆಗೆ ಹಣೆ ಹಚ್ಚಿದ. ಹಾಡು ಮುಗಿಯಿತು. ಯಾರೋ ಕೆಮ್ಮಿದರು. ನಾಲಿಗೆಯ ಮೇಲಿನದು ಪೂರ್ತಿ ಕರಗುವ ತನಕ ಅವನು ತಲೆ ಎತ್ತಲಿಲ್ಲ.