ಗದಗಿನ ಮ್ಯಾಟು ಕಂಡ ಅರವತ್ತಾರು ಚೆಂಡು

ನಾನು ಒಂದು ಮ್ಯಾಟು. ಬಾಗಿಲಲ್ಲಿ ಬಿದ್ದುಕೊಂಡು ಎಲ್ಲರ ಕಾಲಿನ ಕೆಸರು ಒರೆಸಿಕೊಳ್ಳುವ ಮ್ಯಾಟಲ್ಲ, ಆ ತಪ್ಪು ಮಾತ್ರ ಮಾಡಬೇಡಿ. ಕ್ರಿಕೆಟ್ ಆಡುವಾಗ ಎರಡು ವಿಕೆಟ್‌ಗಳ ನಡುವೆ ಹಾಸಿ, ಅಂಚಿಗೆ ಮೊಳೆ ಹೊಡೆದು ಬಿಗಿಯುತ್ತಾರಲ್ಲ, ಆ ತೆಂಗಿನ ನಾರಿನ ಮ್ಯಾಟು. ಉದ್ದ ಇಪ್ಪತ್ತೆರಡು ಗಜ. ನನ್ನನ್ನು ಎತ್ತಬೇಕಾದರೆ ಆರು ಜನ ಬೇಕು, ಅವರೂ ಉಂಡು ಬಂದಿರಬೇಕು.

ಹುಟ್ಟಿದ್ದು ಅರಸೀಕೆರೆಯ ಹತ್ತಿರದ ಒಂದು ಶೆಡ್ಡಿನಲ್ಲಿ. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಬಡಿದು, ನಾರು ತೆಗೆದು, ಹುರಿ ಹೊಸೆದು ನನ್ನನ್ನು ನೇಯ್ದರು. ನೇಯ್ದವರಲ್ಲಿ ಪುಟ್ಟಸಿದ್ದಮ್ಮ ಎಂಬಾಕೆಯ ಕೈ ನನಗಿನ್ನೂ ನೆನಪಿದೆ. "ಇದೇನವ್ವಾ ಇಷ್ಟುದ್ದ! ಇದರ ಮೇಲೆ ಯಾವ ರಾಕ್ಷಸ ಮಲಗ್ತಾನೋ ಕಾಣೆ" ಎಂದು ದಿನಾ ನಗುತ್ತಿದ್ದಳು. ಮಲಗುವುದಲ್ಲ ತಾಯಿ, ನನ್ನ ಮೇಲೆ ಓಡುತ್ತಾರೆ, ಉರುಳುತ್ತಾರೆ, ಔಟಾದಾಗ ಬ್ಯಾಟು ತೆಗೆದು ನನಗೇ ಬಡಿಯುತ್ತಾರೆ ಎಂದು ಅವಳಿಗೆ ಹೇಳುವವರು ಯಾರು?

ಮೊದಲ ಹತ್ತು ವರ್ಷ ಧಾರವಾಡದ ಒಂದು ಕಾಲೇಜಿನಲ್ಲಿದ್ದೆ. ಸೀಸನ್ನಿನಲ್ಲಿ ಬಿಳಿ ಬಟ್ಟೆಯವರು ಬರುತ್ತಿದ್ದರು. ಸೀಸನ್ ಮುಗಿದರೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಆಮೇಲೆ ಅಲ್ಲಿ ಮಣ್ಣಿನ ಟರ್ಫ್ ಪಿಚ್ಚು ಬಂತು, ನಾನು ಬೇಡವಾದೆ. ಲಾರಿಯಲ್ಲಿ ಗದಗಿಗೆ ಕಳಿಸಿದರು. ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಬದುಕಿನ ಒಳ್ಳೆಯ ದಿನಗಳೆಲ್ಲ ಬಂದದ್ದು ಗದಗಿನಲ್ಲೇ.

ಅಲ್ಲಿ ನನ್ನನ್ನು ನೋಡಿಕೊಂಡವನು ಮೈದಾನದ ಆಳು ಹುಸೇನಸಾಬ ನದಾಫ. ಮನೆತನದ ಕಸುಬು ಗಾದಿ ಹೊಲಿಯುವುದು. ಹಾಗಾಗಿ ನನ್ನನ್ನೂ ಒಂದು ದೊಡ್ಡ ಗಾದಿಯೆಂದೇ ತಿಳಿದಿದ್ದ. ಆಟ ಮುಗಿದ ಮೇಲೆ ಕಸ ಗುಡಿಸಿ, ಕೈಯಾಡಿಸಿ, "ಇವತ್ತ ಭಾಳ ಹೊಡದ್ರಲ್ಲೋ ನಿನಗ" ಎಂದು ಮಾತಾಡಿಸಿಯೇ ಸುತ್ತುತ್ತಿದ್ದ.

ಗದಗಿನಲ್ಲಿ ಆಟ ನಡೆಯುತ್ತಿದ್ದದ್ದು ಆಫ್ ಸೀಸನ್ನಿನಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ದೊಡ್ಡ ಊರುಗಳ ಮೈದಾನಗಳು ನಿದ್ದೆ ಹೋಗಿರುವಾಗ, ಸುತ್ತಮುತ್ತಲ ಹುಡುಗರು ಇಲ್ಲಿ ಬಂದು ಮಳೆಗಾಲದ ಲೀಗ್ ಆಡುತ್ತಿದ್ದರು. ಹನಿ ಬಿದ್ದರೆ ತಾಡಪತ್ರಿ ಹೊದಿಸುವುದು, ನಿಂತರೆ ತೆಗೆಯುವುದು. ಜಿಲ್ಲೆಯ ತಂಡ, ರಾಜ್ಯದ ತಂಡ ಎಂದು ಕನಸು ಕಟ್ಟಿಕೊಂಡ ಹುಡುಗರು ಆ ಮೂರು ತಿಂಗಳು ನನ್ನ ಮೇಲೆ ಬೆವರು ಸುರಿಸುತ್ತಿದ್ದರು.

ಅವರನ್ನೆಲ್ಲ ಕಣ್ಣಿಟ್ಟು ನೋಡುತ್ತಿದ್ದವರು ಕೊರ್ಲಹಳ್ಳಿ ಮಾಸ್ತರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು, ನಿವೃತ್ತರು. ಅವರಿಗೆ ಇದನ್ನು ಮಾಡಿ ಎಂದು ಯಾರೂ ಹೇಳಿರಲಿಲ್ಲ. ಛತ್ರಿ, ಸ್ಟೂಲು, ಒಂದು ಚಿತ್ರದ ಪುಸ್ತಕ ಹಿಡಿದು ಲಕ್ಷ್ಮೇಶ್ವರ, ರೋಣ, ಮುಂಡರಗಿ ಎಂದು ಬಸ್ಸು ಹತ್ತಿ ಸುತ್ತುತ್ತಿದ್ದರು. ಯಾರ ಕೈಯಲ್ಲಿ ಚೆಂಡು ಹೇಗೆ ಕೂತಿದೆ, ಯಾರ ಎಡಗಾಲು ಎಲ್ಲಿ ಬೀಳುತ್ತದೆ, ಎಲ್ಲ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. "ಸೀಸನ್ನಿನ್ಯಾಗ ಎಲ್ಲಾರೂ ಆಡ್ತಾರೋ ಹುಸೇನಸಾಬ. ಆಫ್ ಸೀಸನ್ನಿನ್ಯಾಗ ಕೆಸರೊಳಗ ನಿಂತು ಆಡ್ತಾನಲ್ಲ, ಅವನಿಗೆ ಖರೇ ಹುಚ್ಚು" ಎನ್ನುತ್ತಿದ್ದರು. ಹುಬ್ಬಳ್ಳಿಯಲ್ಲಿ ಹುಡುಗರನ್ನು ಆರಿಸುವವರು ಅವರ ಪತ್ರ ಓದದೆ ಪಟ್ಟಿ ಬರೆಯುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆ ಬರೆದದ್ದನ್ನು ಅವರು ಹಿಂತೆಗೆದುಕೊಂಡಿರಲಿಲ್ಲ. ಇಂಥ ಮನುಷ್ಯನನ್ನು ನಾನು ಮೆಚ್ಚದೆ ಇರಲು ಸಾಧ್ಯವೇ?

ಆ ವರ್ಷ ಬೆಟಗೇರಿಯ ತಂಡದಲ್ಲಿ ವಿರೂಪಾಕ್ಷ ಬಣಗಾರ ಎಂಬ ಹುಡುಗ ಬಂದ. ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ. ಅವನ ಉಗುರುಗಳ ಸಂದಿಯಲ್ಲಿ ಸದಾ ನೀಲಿ. ಲೆಗ್ ಸ್ಪಿನ್ ಹಾಕುತ್ತಿದ್ದ. ಮಾತು ಕಮ್ಮಿ, ಎಷ್ಟು ಕಮ್ಮಿಯೆಂದರೆ ಔಟಿಗೆ ಅಪೀಲು ಮಾಡಲೂ ನಾಚಿಕೊಳ್ಳುತ್ತಿದ್ದ. ಬರುವ ಜನವರಿಗೆ ಅವನಿಗೆ ಹತ್ತೊಂಬತ್ತು ತುಂಬುವುದಿತ್ತು. ಹತ್ತೊಂಬತ್ತರ ಒಳಗಿನವರ ರಾಜ್ಯ ಶಿಬಿರಕ್ಕೆ ಹೋಗುವುದಾದರೆ ಇದೇ ಕೊನೆಯ ಅವಕಾಶ. ತಪ್ಪಿದರೆ ಬಣ್ಣದ ಹಂಡೆಯೇ ಗತಿ ಎಂದು ಅವನ ಅಪ್ಪ ಕಲ್ಲಪ್ಪ ಮೊದಲೇ ಹೇಳಿಬಿಟ್ಟಿದ್ದ.

ಅದೇ ಹೊತ್ತಿಗೆ ನನಗೊಂದು ಗಾಯವಾಯಿತು. ಸ್ಟೋರಿನಲ್ಲಿ ಹೆಗ್ಗಣವೊಂದು ನನ್ನನ್ನು ಕಡಿದು ತೂತು ಮಾಡಿತು, ಅದರ ಹಲ್ಲು ಉದುರಿಹೋಗಲಿ! ತೂತು ಬಿದ್ದದ್ದೂ ಎಲ್ಲಿ? ಬ್ಯಾಟ್ಸ್‌ಮನ್ನಿಂದ ಎರಡು ಮಾರು ಮುಂದೆ, ಸ್ಪಿನ್ ಹಾಕುವವನು ಚೆಂಡು ಬೀಳಿಸಬೇಕಾದ ಜಾಗದಲ್ಲೇ. ಹುಸೇನಸಾಬ ಎಲ್ಲಿಂದಲೋ ಹೊಸ ನಾರಿನ ತುಂಡು ತಂದು, ಗಾದಿಯ ದಬ್ಬಣದಿಂದ ಒಂದೂವರೆ ಗೇಣಿನ ತೇಪೆ ಹಾಕಿದ. ನನ್ನ ಕಪ್ಪಾದ ಮೈಮೇಲೆ ಆ ತೇಪೆ ಬೆಳ್ಳಗೆ ಹೊಳೆಯುತ್ತಿತ್ತು.

ಮರುದಿನವೇ ಲಕ್ಷ್ಮೇಶ್ವರದವರ ಮೇಲೆ ಪಂದ್ಯ. ಬೆಳಗ್ಗೆ ಹನಿ ಬಿದ್ದು ನಾನು ತೊಯ್ದಿದ್ದೆ. ಹೊಸ ಕೆಂಪು ಚೆಂಡು. ತೇಪೆ ಇದ್ದ ತುದಿಗೆ ಮೊದಲು ಒಬ್ಬ ವೇಗದವನು ಹಾಕಿದ, ಅವನದೆಲ್ಲ ಅರ್ಧ ದಾರಿಗೇ ಬಿತ್ತು. ಆಮೇಲೆ ವಿರೂಪಾಕ್ಷ ಬಂದ. ಹನ್ನೊಂದು ಓವರು, ಏಳು ವಿಕೆಟ್ಟು. ಒಬ್ಬನಿಗೂ ಚೆಂಡು ಯಾವ ಕಡೆ ಹೋಯಿತೆಂದು ತಿಳಿಯಲಿಲ್ಲ.

ಚಹಾದ ಬಿಡುವಿನಲ್ಲಿ, ಔಟಾಗಿದ್ದ ಲಕ್ಷ್ಮೇಶ್ವರದ ಕ್ಯಾಪ್ಟನ್ ಬಂದು ತೇಪೆಯನ್ನು ಬೂಟಿನಿಂದ ಒದ್ದ. "ಇದೇನ್ ಆಟಾನೇನ್ರೀ? ತೇಪಿ ಮ್ಯಾಲ ಹಾಕಿ ಹಾಕಿ ಔಟ್ ಮಾಡಿದ್ರ ನಮ್ಮ ಅಜ್ಜಿನೂ ಏಳು ವಿಕೆಟ್ ತಗೀತಾಳ!"

ಎಲ್ಲರೂ ನಕ್ಕರು. ಔಟಾದ ಏಳೂ ಜನ ಹೌದು ಹೌದು ಎಂದರು. ಅವರಿಗೂ ಒಂದು ನೆಪ ಬೇಕಿತ್ತು ನೋಡಿ. ಬದಿಯಲ್ಲಿ ಸ್ಟೂಲಿನ ಮೇಲೆ ಕೂತ ಮಾಸ್ತರಿಗೂ ಚೆಂಡು ತೇಪೆಯ ಮೇಲೆ ಬಿದ್ದಂತೆಯೇ ಕಂಡಿತ್ತು. ವಿರೂಪಾಕ್ಷ ತಲೆ ತಗ್ಗಿಸಿ ಚಹಾ ಕುಡಿಯುತ್ತ ನಿಂತ. ಅಷ್ಟರಲ್ಲಿ ಮಳೆ ಹೊಡೆಯಿತು, ಆಟ ಅಲ್ಲಿಗೇ ನಿಂತಿತು. ನನ್ನನ್ನು ಸುತ್ತಿ ಒಳಗಿಟ್ಟರು.

ಸ್ಟೋರಿನ ಬಾಗಿಲಲ್ಲೇ ಕೂತು ಮಾಸ್ತರು ಪತ್ರ ಬರೆದು ಹುಸೇನಸಾಬನಿಗೆ ಓದಿ ಹೇಳಿದರು. "ಬಣಗಾರನ ಏಳು ವಿಕೆಟ್ಟು ಹರಿದ ಮ್ಯಾಟಿನ ಕೃಪೆ. ಶಿಬಿರಕ್ಕೆ ನಾನು ಈ ಹೆಸರು ಹೇಳಲಾರೆ." ನನ್ನ ಮೈಯೆಲ್ಲ ಉರಿಯಿತು. ಸುಳ್ಳು ಮಾಸ್ತರೇ, ಶುದ್ಧ ಸುಳ್ಳು! ಪ್ರತಿಯೊಂದು ಚೆಂಡೂ ಎಲ್ಲಿ ಬಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ನನಗೆ ಬಾಯಿಲ್ಲ. ಪತ್ರ ಟಪಾಲು ಡಬ್ಬಿಗೆ ಬಿತ್ತು.

ಮೂರು ದಿನ ಜಿಟಿಜಿಟಿ ಮಳೆ. ನಾಲ್ಕನೆಯ ದಿನ ಮಧ್ಯಾಹ್ನ ಮಾಸ್ತರು ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹಿಂದೆ ವಿರೂಪಾಕ್ಷ.

"ಮ್ಯಾಟ್ ಬಿಚ್ಚು ಹುಸೇನಸಾಬ! ಲಗೂನ!"

"ಏನಾತ್ರೀ ಮಾಸ್ತರ?"

"ಹುಡುಗಗ ನಾನೇ ಮುಂದ ನಿಂತು ಹೇಳಬೇಕು, ಹಿಂದಿಂದ ಬರೆಯೂದು ಸರಿಯಲ್ಲ ಅಂತ ಇವರ ಮನಿಗೆ ಹೋಗಿದ್ದೆ. ಇವರಪ್ಪ ನೂಲು ತೋಯ್ಸಿ ತೋಯ್ಸಿ ಬಣ್ಣಕ್ಕ ಅದ್ದಲಿಕ್ಕೆ ಹತ್ತಿದ್ದ. ಯಾಕೋ ಕಲ್ಲಪ್ಪ ಅಂದೆ. ಒಣ ನೂಲಿಗೆ ಬಣ್ಣ ಸರಿ ಹತ್ತೂದಿಲ್ರೀ, ತೊಯ್ದದ್ದಕ್ಕಾದ್ರ ಛಲೋ ಹಿಡೀತದ ಅಂದ. ಅವತ್ತ ಈ ಮ್ಯಾಟೂ ತೊಯ್ದಿತ್ತಲ್ಲೋ! ಚೆಂಡು ಹೊಸಾದು, ಕೆಂಪ! ಬಿದ್ದಲ್ಲೆಲ್ಲ ಬಣ್ಣ ಹಿಡದಿರಬೇಕು!"

ಹುಸೇನಸಾಬ ಮತ್ತು ಹುಡುಗ ಸೇರಿ ನನ್ನ ಆ ತುದಿಯನ್ನು ಬಿಡಿಸಿದರು. ಮಾಸ್ತರು ಮಂಡಿಯೂರಿ ಕನ್ನಡಕ ಒರೆಸಿಕೊಂಡು ನೋಡಿದರು. ಒಂದೆರಡು ಬೂಟಿನ ಗುರುತು ಬಿಟ್ಟರೆ ತೇಪೆ ಹೊಲಿದ ದಿನದಂತೆಯೇ ಬೆಳ್ಳಗಿತ್ತು. ಕೆಂಪಿನ ಒಂದು ಚುಕ್ಕೆಯೂ ಇರಲಿಲ್ಲ. ಕೆಂಪೆಲ್ಲ ಇದ್ದದ್ದು ತೇಪೆಗಿಂತ ನಾಲ್ಕು ಬೆರಳು ಈಚೆಗೆ, ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ, ಒತ್ತೊತ್ತಾಗಿ.

"ಒಂದೂ ಬಿದ್ದಿಲ್ಲಲ್ಲೋ ತೇಪಿ ಮ್ಯಾಲ!" ಎಂದರು ಮಾಸ್ತರು.

"ಇಲ್ರೀ ಸರ" ಎಂದ ವಿರೂಪಾಕ್ಷ. "ಅಲ್ಲಿ ಬಿದ್ದ ಚೆಂಡು ಎತ್ತ ಬೇಕಾದ್ರೂ ಹೊಕ್ಕೈತಿ. ಅದು ತೇಪಿ ಆಟ ಆಗ್ತದ, ನಂದಲ್ಲ. ಅದಕ್ಕ ತಪ್ಪಿಸಿ ಹಾಕಿದೆ."

"ಮತ್ತ ಅವತ್ತ ಬಾಯಿಗೇನ್ ಬೀಗ ಬಿದ್ದಿತ್ತೇನಲೇ? ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರೀ."

ಮಾಸ್ತರು ನನ್ನ ಮೇಲೆಯೇ ಕೂತುಬಿಟ್ಟರು. ಮರುದಿನ ಹನ್ನೊಂದು ಗಂಟೆಗೆ ಹುಬ್ಬಳ್ಳಿಯಲ್ಲಿ ಪಟ್ಟಿ ಬರೆಯುವುದಿತ್ತು. ಹೋಗಿ ಹೇಳಿರಿ ಎಂದ ಹುಸೇನಸಾಬ. "ಬಾಯಿಲೆ ಹೇಳಿದ್ರ ಯಾರ ನಂಬ್ತಾರ? ಬ್ಯಾಡ ಅಂತ ಬರದಾಂವ ನಾನೇ. ಹುಡುಗನ ಮನ್ಯಾಗ ಚಹಾ ಕುಡದು ಮನಸ್ಸು ಬದಲಿಸ್ಯಾನ ಅಂತಾರ. ಕಪ್ಪು-ಬಿಳಿ ಫೋಟೋದಾಗ ಕೆಂಪೂ ಕಪ್ಪಗೇ ಬರ್ತದ" ಎಂದರು ಮಾಸ್ತರು. ಇಡೀ ನನ್ನನ್ನು ಬಸ್ಸಿಗೆ ಹಾಕುವಂತೆಯೂ ಇರಲಿಲ್ಲ. ಆಮೇಲೆ ತೇಪೆಯನ್ನೂ ಕೆಂಪನ್ನೂ ಸೇರಿಸಿ ಸುತ್ತಲೂ ಬೆರಳಿನಿಂದ ಗೆರೆ ಎಳೆದರು.

ಹುಸೇನಸಾಬನಿಗೆ ತಿಳಿಯಿತು. "ಮಾಸ್ತರ, ಅದೊಂದು ಮಾತು ಆಡಬ್ಯಾಡ್ರಿ. ಅಷ್ಟು ದೊಡ್ಡ ತುಂಡು ಕತ್ತರಿಸಿದ್ರ ಇದು ಮುಗೀತು. ಮತ್ತ ಮ್ಯಾಚಿಗೆ ಬರೂದಿಲ್ಲ."

"ಗೊತ್ತದಪಾ" ಎಂದರು ಮಾಸ್ತರು.

ಹುಸೇನಸಾಬ ಹುಡುಗನ ಮುಖ ನೋಡಿದ, ನನ್ನನ್ನು ನೋಡಿದ. ನಾನು ಹೆದರಿದ್ದೆ, ನಿಜ. ಆದರೆ ಬಾಯಿಲ್ಲದ ನನಗೆ ಒಂದೇ ಒಂದು ಸಲ ಮಾತಾಡುವ ಅವಕಾಶ ಬಂದಿತ್ತು. ಕತ್ತರಿಸೋ ಮಾರಾಯ ಎಂದೆ ಮನಸ್ಸಿನಲ್ಲಿ. ಅವನು ಗಾದಿಯ ಕತ್ತರಿ ತಂದ. "ಕ್ಲಬ್ಬಿನ ಸೆಕ್ರೆಟರಿ ಕೇಳಿದ್ರ ಹೆಗ್ಗಣ ಅಂತೀನಿ. ಭಾಳ ದೊಡ್ಡ ಹೆಗ್ಗಣ" ಎಂದು ನಗಲು ನೋಡಿದ, ಆಗಲಿಲ್ಲ, ಅತ್ತುಬಿಟ್ಟ. ಅಳುತ್ತಲೇ ಕತ್ತರಿಸಿದ. ನೋವಾಯಿತು.

ಮಾಸ್ತರು ಆ ತುಂಡನ್ನು ಧೋತರದಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದರು. ಸಂಜೆ ಬಂದು ನಡೆದದ್ದು ಹೇಳಿದರು. ಮೇಜಿನ ಮೇಲೆ ನಾರಿನ ತುಂಡು ಬಿಡಿಸಿದಾಗ ಮೊದಲು ಎಲ್ಲರೂ ನಕ್ಕರಂತೆ. "ಮೂವತ್ತು ವರ್ಷಕ್ಕ ಮೊದಲನೇ ಸಲ ನನ್ನ ಪತ್ರ ತಪ್ಪು. ನೀವು ಅದನ್ನ ಹರೀರಿ, ಇದನ್ನ ಓದ್ರಿ" ಎಂದರಂತೆ ಮಾಸ್ತರು. ಹಿರಿಯನೊಬ್ಬ ಕನ್ನಡಕ ಹಾಕಿಕೊಂಡು ತೇಪೆಯನ್ನೂ ಅದರ ಪಕ್ಕದ ಕೆಂಪನ್ನೂ ಬಹಳ ಹೊತ್ತು ನೋಡಿ, ನಾಲ್ಕು ಬೆರಳು ಇಟ್ಟು ಅಳೆದು, ತಾನೇ ಪೆನ್ನು ತೆಗೆದು ಪಟ್ಟಿಯ ಕೆಳಗೆ ಹದಿನಾರನೆಯ ಹೆಸರು ಬರೆದನಂತೆ. ಕೇಳುತ್ತ ಹುಸೇನಸಾಬ ನನ್ನ ಬೆನ್ನು ತಟ್ಟಿದ.

ವಿರೂಪಾಕ್ಷ ಶಿಬಿರಕ್ಕೆ ಹೋದ, ಮುಂದೆ ರಾಜ್ಯಕ್ಕೂ ಆಡಿದ. ಆ ಆಟ ನಡೆದದ್ದು ಟರ್ಫಿನ ಮೇಲೆ, ನಾನು ನೋಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಪಂದ್ಯಕ್ಕೆ ಹೊಸ ಮ್ಯಾಟು ಬಂದಿದೆ. ಮೈದಾನದ ಮೂಲೆಯಲ್ಲಿ ನೆಟ್ ಕಟ್ಟಿ, ನನ್ನನ್ನು ಎರಡು ಮಾಡಿ ತೂತಿರುವ ಅರ್ಧವನ್ನು ಅಲ್ಲಿ ಹಾಸಿದ್ದಾರೆ. ಆಫ್ ಸೀಸನ್ ಬಂದರೆ ಸಾಕು, ಹೊಸ ಹುಡುಗರು ಸಾಲುಗಟ್ಟಿ ನಿಲ್ಲುತ್ತಾರೆ. ತೂತು ತಪ್ಪಿಸಿ, ನಾಲ್ಕು ಬೆರಳು ಈಚೆಗೆ ಹಾಕಬೇಕೆಂಬುದು ಮಾಸ್ತರ ಕಟ್ಟಪ್ಪಣೆ. ಎಂಥೆಂಥ ಕೈಗಳು ಬಂದವು! ಹತ್ತು ಚೆಂಡು ತಪ್ಪಿಸುತ್ತಾರೆ, ಇಪ್ಪತ್ತು ತಪ್ಪಿಸುತ್ತಾರೆ, ಒಬ್ಬ ಜಾಣ ನಲವತ್ತೊಂದರವರೆಗೆ ಹೋಗಿದ್ದ. ಆಮೇಲೆ ಚೆಂಡು ಆ ತೂತಿನೊಳಗೆ ಮಣ್ಣಿಗೆ ಬಿದ್ದು ಸತ್ತೇ ಹೋಗುತ್ತದೆ. ಮಾಸ್ತರು ಬೈಯುವುದಿಲ್ಲ, ಇನ್ನೊಮ್ಮೆ ಹಾಕು ಎನ್ನುತ್ತಾರೆ.

ಆ ದಿನ ಬಣ್ಣ ಹಾಕುವವನ ಮಗ ಹಾಕಿದ್ದು ಹನ್ನೊಂದು ಓವರು. ಅರವತ್ತಾರು ಚೆಂಡು. ಚೆಂಡು ಎಲ್ಲಿ ಬಿತ್ತೆಂದು ಯಾರ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಅವನು ಒಂದನ್ನೂ ತೇಪೆಯ ಮೇಲೆ ಹಾಕಲಿಲ್ಲ.