ಹನ್ನೊಂದನೆಯ ಪ್ರಶ್ನೆ

ಮನೆಯಲ್ಲಿ ಅವಳನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೂ ಅಂಕಪಟ್ಟಿ ಹಾಕುವವಳಿಗೆ ಬೇರೆ ಹೆಸರು ಹೊಂದುತ್ತಲೂ ಇರಲಿಲ್ಲ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಕಾನೂನು ಕಾಲೇಜು ಸೇರಿದ್ದ ಅವಳು ಈಗ ಕೊನೆಯ ವರ್ಷಕ್ಕೆ ಕಾಲಿಡಲಿದ್ದಳು. ಆ ವರ್ಷ ಕಾಲೇಜಿನ ಯಾವುದಾದರೊಂದು ಕಾನೂನು ಕ್ಲಿನಿಕ್ಕಿಗೆ ಅರ್ಜಿ ಹಾಕಬೇಕು. ಆಯ್ಕೆಯಾದವರು ಹಿರಿಯ ವಕೀಲರೊಬ್ಬರ ಕಣ್ಗಾವಲಿನಲ್ಲಿ, ವಕೀಲರನ್ನಿಡುವ ಶಕ್ತಿಯಿಲ್ಲದವರ ನಿಜವಾದ ಪ್ರಕರಣಗಳನ್ನು ನಡೆಸುತ್ತಾರೆ.

ಕ್ಲಿನಿಕ್ಕುಗಳು ಮೂರು: ಗ್ರಾಹಕರದು, ಕಾರ್ಮಿಕರದು, ಬಾಡಿಗೆದಾರರದು. ತಕ್ಕಡಿ ಸ್ಕೇಲು ಹಿಡಿದು ಕೋಷ್ಟಕ ಎಳೆದು, ಐದು ಅಂಶಗಳಿಗೆ ಅಂಕ ಕೊಟ್ಟು ಕೂಡಿದಳು. ಗ್ರಾಹಕರ ಕ್ಲಿನಿಕ್ಕಿಗೆ ಎಂಬತ್ತೊಂದು ಬಂತು, ಬಾಡಿಗೆದಾರರದಕ್ಕೆ ಎಪ್ಪತ್ತನಾಲ್ಕು. ಅವಳು ಹುಬ್ಬು ಗಂಟಿಕ್ಕಿಕೊಂಡು ಎರಡು ಅಂಕಿಗಳನ್ನು ರಬ್ಬರಿನಿಂದ ಉಜ್ಜಿದಳು.

ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಅಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. "ಏನೇ ಅದು, ಮತ್ತೆ ಅಳಿಸ್ತಿದ್ದೀಯ?"

"ಅಂಕ ಸರಿಮಾಡ್ತಿದ್ದೀನಮ್ಮ."

"ಅಳತೆ ಮೊದಲೇ ಬರ್ಕೊಂಡು ಆಮೇಲೆ ಟೇಪು ಹಿಡಿಯೋ ದರ್ಜಿ ಆದೆಯಲ್ಲೇ! ಬೇಕಾದ್ದು ಯಾವುದು ಅಂತ ಗೊತ್ತಿದೆ ತಾನೆ? ಪಾಪ, ಆ ಕಾಗದಕ್ಕೆ ಯಾಕೆ ಹಿಂಸೆ?"

ಗೊತ್ತಿತ್ತು. ನ್ಯಾಯಾಲಯದ ಮೊಗಸಾಲೆಯಲ್ಲಿ ಅವಳು ಕಂಡಿದ್ದ ಒಬ್ಬ ಮುದುಕ, ನೋಟಿಸಿನಲ್ಲಿದ್ದ ಎರಡು ದಿನಾಂಕಗಳಲ್ಲಿ ಯಾವುದಕ್ಕೆ ಬರಬೇಕೆಂದು ತಿಳಿಯದೆ, ತಪ್ಪು ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅವನ ಬಾಡಿಗೆ ಮನೆಯ ಮೊಕದ್ದಮೆ ಹಿಂದಿನ ದಿನವೇ ಮುಗಿದುಹೋಗಿತ್ತು. ಅಂಥವನ ಪಕ್ಕದಲ್ಲಿ ನಿಲ್ಲಬೇಕೆಂಬ ಆಸೆಗೆ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ. ಅವಳು ಹಾಳೆಯನ್ನು ಮಡಿಸಿಟ್ಟು, ಬಾಡಿಗೆದಾರರ ಕ್ಲಿನಿಕ್ಕಿನ ಅರ್ಜಿ ತೆಗೆದುಕೊಂಡಳು.

ಹತ್ತು ಪ್ರಶ್ನೆಗಳು ಸಲೀಸಾಗಿ ಮುಗಿದವು. ಹನ್ನೊಂದನೆಯದು ಹೀಗಿತ್ತು: "ನೀವಾಗಲಿ ನಿಮ್ಮ ಕುಟುಂಬದವರಾಗಲಿ ಬಾಡಿಗೆ ಮೊಕದ್ದಮೆಗಳಲ್ಲಿ ಪಕ್ಷಗಾರರೋ ವಕೀಲರೋ ಆಗಿದ್ದೀರಾ?"

ಅವಳ ಅಪ್ಪ ಪಕ್ಷಗಾರರಲ್ಲ, ವಕೀಲರೂ ಅಲ್ಲ. ಅವರು ನ್ಯಾಯಾಲಯದ ಅಮೀನರು. ನೋಟಿಸುಗಳನ್ನು ಮನೆ ಮನೆಗೆ ಮುಟ್ಟಿಸಿ, ಯಾರ ಕೈಗೆ, ಎಷ್ಟು ಹೊತ್ತಿಗೆ ಕೊಟ್ಟೆನೆಂದು ಬರೆದು ಮರಳಿಸುವುದು ಅವರ ಕೆಲಸ. ಆ ನೋಟಿಸುಗಳಲ್ಲಿ ಅರ್ಧಕ್ಕರ್ಧ ಮನೆ ಖಾಲಿ ಮಾಡಿಸುವಂಥವು. ಕ್ಲಿನಿಕ್ಕಿನಲ್ಲಿದ್ದದ್ದು ಎಂಟು ಸ್ಥಾನ, ಅರ್ಜಿ ಹಾಕುವವರು ನಲವತ್ತು ಮಂದಿ. ಸಣ್ಣದೊಂದು ಅನುಮಾನ ಸಾಕು, ಅರ್ಜಿ ಪಕ್ಕಕ್ಕೆ ಸರಿಯುತ್ತದೆ. ತಕ್ಕಡಿ ಪ್ರಶ್ನೆಯನ್ನು ಮೂರು ಸಲ ಓದಿ, ಪದ ಪದವನ್ನೂ ತೂಗಿ, "ಇಲ್ಲ" ಎಂದು ಬರೆದಳು.

ಸಂಜೆ ಅಪ್ಪ ಬಂದು, ಕೈಕಾಲು ತೊಳೆದು, ಮೇಜಿನ ಮೇಲಿದ್ದ ಅರ್ಜಿಯನ್ನು ಎತ್ತಿಕೊಂಡರು. ಕೈಗೆ ಸಿಕ್ಕ ಯಾವ ಕಾಗದವನ್ನೂ ಪೂರ್ತಿ ಓದದೆ ಕೆಳಗಿಡುವ ಅಭ್ಯಾಸ ಅವರಿಗಿರಲಿಲ್ಲ.

"ಹನ್ನೊಂದನೇದು," ಎಂದರು.

"ಅದು ಸರಿಯಾಗೇ ಇದೆ ಅಪ್ಪ. ಅವರು ಕೇಳಿರೋದಕ್ಕೆ ಅದೇ ಉತ್ತರ."

"ಸರಿಯಾಗೇ ಇದೆ ಕಣಮ್ಮ. ನನಗೆ ಕಾಡ್ತಿರೋದೂ ಅದೇ." ಅವರು ಕನ್ನಡಕ ತೆಗೆದು ಕುರ್ಚಿ ಎಳೆದುಕೊಂಡರು. "ನೀನು ಹುಟ್ಟೋಕೆ ಮುಂಚಿನ ಮಾತು. ಒಂದು ಮನೆಗೆ ನೋಟಿಸು ತಗೊಂಡು ಹೋಗಿದ್ದೆ. ಮುಂದಿನ ಬಾಗಿಲಿಗೆ ಬೀಗ. ಹಿತ್ತಲ ಕಡೆಯಿಂದ ರೇಡಿಯೋ ಕೇಳಿಸ್ತಿತ್ತು. ಸುತ್ತಿಕೊಂಡು ಹೋಗ್ಬೇಕಿತ್ತು. ಐದು ಗಂಟೆ ಆಗಿತ್ತು, ಹೊಸ ಬೂಟು ಕಚ್ಚಿ ಹಿಮ್ಮಡಿ ಕಿತ್ತುಹೋಗಿತ್ತು. 'ಬಾಗಿಲಿಗೆ ಬೀಗ ಹಾಕಿತ್ತು, ನೋಟಿಸನ್ನು ಬಾಗಿಲಿಗೆ ಅಂಟಿಸಿದ್ದೇನೆ' ಅಂತ ಬರೆದು ಬಂದುಬಿಟ್ಟೆ."

"ಆಮೇಲೆ?"

"ಅವರು ಹಿಂದಿನ ಬಾಗಿಲಲ್ಲೇ ಓಡಾಡೋ ಜನ. ಆ ಕಾಗದ ನೋಡ್ಲೇ ಇಲ್ಲ. ಕೋರ್ಟಿಗೆ ಬರ್ಲಿಲ್ಲ, ಮನೆ ಹೋಯ್ತು. ನನ್ನ ವರದಿಯಲ್ಲಿ ಒಂದಕ್ಷರ ಸುಳ್ಳಿರ್ಲಿಲ್ಲ. ಇವತ್ತು ಯಾರು ಬೇಕಾದ್ರೂ ತೆಗೆದು ನೋಡ್ಲಿ."

ಹೊಲಿಗೆ ಯಂತ್ರ ನಿಂತಿತ್ತು. ಅಮ್ಮನೂ ಇದನ್ನು ಮೊದಲ ಸಲ ಕೇಳುತ್ತಿದ್ದಳು.

"ಬರೆದ್ರೆ ಸೀಟು ಹೋಗಬಹುದು ಅಪ್ಪ," ಎಂದಳು ತಕ್ಕಡಿ.

"ಹೋಗಬಹುದು," ಎಂದು ಅವರು ಒಪ್ಪಿಕೊಂಡರು. "ಅರ್ಜಿ ನಿಂದು. ನಾನು ಓದಿದೆ, ಅಷ್ಟೆ."

ಮರುದಿನ ಬೆಳಿಗ್ಗೆ ಅವಳು ಬೇರೊಂದು ಹಾಳೆಯಲ್ಲಿ ಅಪ್ಪನ ಹುದ್ದೆ, ಅವರು ಓಡಾಡುವ ವಾರ್ಡುಗಳು, ವಾರಕ್ಕೆ ಸರಾಸರಿ ಎಷ್ಟು ನೋಟಿಸು ಎಂಬುದನ್ನೆಲ್ಲ ಬರೆದು ಅರ್ಜಿಯ ಹಿಂದೆ ಪಿನ್ನು ಹಾಕಿದಳು. "ಇಲ್ಲ" ಎಂಬುದರ ಮುಂದೆ "ಆದರೆ ಲಗತ್ತಿಸಿದ ಹಾಳೆಯನ್ನು ನೋಡಿ" ಎಂದು ಸೇರಿಸಿದಳು.

ಸಂದರ್ಶನಕ್ಕೆ ಕರೆ ಬಂದಾಗ ಅವಳಿಗೇ ಆಶ್ಚರ್ಯವಾಯಿತು. ಕ್ಲಿನಿಕ್ಕಿನ ಕೋಣೆಯಲ್ಲಿ ಸೂರಿನವರೆಗೂ ಕಡತಗಳು. ಮೇಜಿನ ಈಚೆಗೆ, ಬರುವ ಕಕ್ಷಿಗಾರರಿಗೆಂದು, ಕಾಲು ಅಲುಗಾಡುವ ಒಂದು ಕುರ್ಚಿ. ಮೇಲ್ವಿಚಾರಕ ವಕೀಲೆ ಅದನ್ನೇ ತೋರಿಸಿ ಕೂರಿಸಿದರು. ನರೆತ ಕೂದಲನ್ನು ಪೆನ್ಸಿಲಿನಿಂದಲೇ ಗಂಟು ಹಾಕಿಕೊಂಡಿದ್ದ ಅವರ ಮುಂದೆ ಆ ಲಗತ್ತಿನ ಹಾಳೆ ಮಾತ್ರ ಇತ್ತು.

"ಇದನ್ನ ನಾವು ಕೇಳೇ ಇರಲಿಲ್ಲ."

"ಇಲ್ಲ ಮೇಡಂ. ನಿಮಗೆ ಗೊತ್ತಿರಬೇಕು ಅನ್ನಿಸ್ತು."

"ಸರಿ, ಈಗ ಕೇಳ್ತೀನಿ. ಮನೆಯಲ್ಲಿ ಅಪ್ಪ ಮಗಳು ಏನು ಮಾತಾಡ್ತೀರಿ?"

"ಊಟಕ್ಕೆ ಕೂತಾಗ ಅಪ್ಪ ಅವತ್ತು ತಟ್ಟಿದ ಬಾಗಿಲುಗಳ ಕತೆ ಹೇಳ್ತಾರೆ. ಹೆಸರು ಹೇಳಲ್ಲ. ಯಾರು ಗದರಿಸಿದ್ರು, ಯಾರು ನೀರು ಕೊಟ್ಟು ಕೂರಿಸಿದ್ರು, ಯಾವ ಮನೆ ಮೆಟ್ಟಿಲಲ್ಲಿ ನಾಯಿ ಮಲಗಿತ್ತು... ಚಿಕ್ಕವಳಿದ್ದಾಗಿಂದ ಕೇಳ್ತಿದ್ದೀನಿ. ಲ್ಯಾಬು ಬಿಟ್ಟು ಕಾನೂನಿಗೆ ಬಂದದ್ದೂ ಅದರಿಂದಲೇ."

"ಆ ನಾಯಿಯ ಯಜಮಾನ ಮುಂದಿನ ವಾರ ನೀವು ಕೂತಿರೋ ಕುರ್ಚಿಗೆ ಬರ್ತಾನೆ," ಎಂದರು ವಕೀಲೆ ಮೆಲ್ಲಗೆ. "ನಿಮ್ಮನ್ನ ತಗೊಳ್ಳೋಕೆ ನನಗಿಷ್ಟ. ಆದರೆ ನಿಮ್ಮ ತಂದೆ ಸಹಿ ಇರೋ ಕಡತ ನೀವು ಮುಟ್ಟೋ ಹಾಗಿಲ್ಲ. ಇಲ್ಲಿಂದು ಅಲ್ಲಿ ಆಡಬಾರದು, ಅಲ್ಲಿಂದು ನೀವು ಕೇಳಬಾರದು. ಒಂದು ವರ್ಷ. ಮುಚ್ಚಳಿಕೆಗೆ ಇಬ್ಬರೂ ಸಹಿ ಹಾಕಿ, ಗುರುವಾರದೊಳಗೆ ತನ್ನಿ. ಆಗಲ್ಲ ಅಂದ್ರೆ ತಪ್ಪೇನಿಲ್ಲ, ಗ್ರಾಹಕರ ಕ್ಲಿನಿಕ್ಕಿನಲ್ಲಿ ಜಾಗ ಇದೆ, ನಾನೇ ಹೇಳ್ತೀನಿ."

ಬಸ್ಸಿನಲ್ಲಿ ಅವಳು ಎರಡನ್ನೂ ತೂಗಿ ನೋಡಿದಳು. ಒಂದು ಕಡೆ ಬಾಡಿಗೆದಾರರ ಕ್ಲಿನಿಕ್ಕು. ಇನ್ನೊಂದು ಕಡೆ ಮುನ್ನೂರ ಅರವತ್ತೈದು ಸಂಜೆಗಳು. ಒಂದೇ ಮಾನದಲ್ಲಿ ಅಳೆಯಲಾಗದ್ದನ್ನು ಕೂಡಬಾರದೆಂದು ಪ್ರಯೋಗಾಲಯದಲ್ಲಿ ಮೊದಲ ವಾರವೇ ಕಲಿಸಿದ್ದರು. ಇಳಿಯುವ ನಿಲ್ದಾಣ ಬಂದಾಗಲೂ ಮುಳ್ಳು ಯಾವ ಕಡೆಗೂ ವಾಲಿರಲಿಲ್ಲ.

ಅಪ್ಪ ಮುಚ್ಚಳಿಕೆಯನ್ನು ನಿಧಾನವಾಗಿ ಓದಿದರು, ಮತ್ತೊಮ್ಮೆ ಓದಿದರು.

"ಒಂದು ವರ್ಷ ಇವರು ಊಟದ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರ್ತಾರಾ?" ಎಂದಳು ಅಮ್ಮ. "ಇಪ್ಪತ್ತೇಳು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ, ನನ್ನ ಕೈಲೇ ಆಗ್ಲಿಲ್ಲ."

ಅಪ್ಪ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಗೇ ಹಿಡಿದುಕೊಂಡರು. "ಸಹಿ ಹಾಕೋಕೆ ಮುಂಚೆ ಒಂದೇ ಒಂದು ಹೇಳಿಬಿಡ್ಲಾ? ಇವತ್ತು ಒಂದು ಮನೆಗೆ ಹೋಗಿದ್ದೆ. ಬಾಗಿಲು ತೆಗೆದವಳು ನನ್ನ ನೋಡಿ..."

ಅವರ ಕಣ್ಣಲ್ಲಿ ಕತೆ ಆಗಲೇ ಹೊಳೆಯತೊಡಗಿತ್ತು. ಬಾಗಿಲು ತೆರೆದವಳು ಏನೆಂದಳೋ ಕೇಳಬೇಕೆಂದು ತಕ್ಕಡಿಗೆ ಎಷ್ಟು ಆಸೆಯಾಯಿತೆಂದರೆ, ಅವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು. ಸಹಿ ಇನ್ನೂ ಬಿದ್ದಿಲ್ಲ. ಕೇಳಿದರೆ ಯಾವ ನಿಯಮವೂ ಮುರಿಯುವುದಿಲ್ಲ.

"ಬೇಡ ಅಪ್ಪ," ಎಂದಳು.

ಅಪ್ಪ ತಲೆಯಾಡಿಸಿ, ಸಹಿ ಹಾಕಿದರು. ಅದರ ಕೆಳಗೆ ವೃತ್ತಿಯ ರೂಢಿಯಂತೆ "ಮನೆಯಲ್ಲಿ, ಸಂಜೆ ಏಳು ಗಂಟೆ ಹತ್ತು ನಿಮಿಷ, ಖುದ್ದಾಗಿ ಓದಿಕೊಂಡು" ಎಂದು ಬರೆದರು. ಅವಳೂ ಸಹಿ ಮಾಡಿದಳು.

ಮೂವರೂ ಊಟಕ್ಕೆ ಕುಳಿತರು. ಅಪ್ಪ ಎರಡು ಸಲ ಬಾಯಿ ತೆರೆದು ಎರಡು ಸಲವೂ ತುತ್ತಿಟ್ಟುಕೊಂಡರು. ಮೂರನೆಯ ಸಲ, ಗಂಟಲು ಸರಿಪಡಿಸಿಕೊಂಡು, "ಉಪ್ಪು ಸ್ವಲ್ಪ ಕಡಿಮೆ ಆಗಿದೆ," ಎಂದರು.

"ನೋಡಿದ್ಯೇನೇ? ಬಾಗಿಲು ತಟ್ಟೋದು ಬಿಟ್ಟು ಈಗ ನನ್ನ ಒಲೆಗೇ ಬಂದ್ರು!" ಎಂದಳು ಅಮ್ಮ. "ತಗೊಂಬಾ ಆ ಕಾಗದ, ಅಡುಗೆ ವಿಷಯಾನೂ ಅದರಲ್ಲಿ ಸೇರಿಸು."

"ಸಹಿ ಆಗಿಹೋಯ್ತಮ್ಮ. ಇನ್ನು ತಿದ್ದೋ ಹಾಗಿಲ್ಲ," ಎಂದು ತಕ್ಕಡಿ ಉಪ್ಪಿನ ಡಬ್ಬಿಯನ್ನು ಅಪ್ಪನ ಕಡೆಗೆ ಸರಿಸಿದಳು.